ಸ್ತಂಭಾಲೇಖ, ಒಂದು ಫೋಟೊ, ಗೋಡೆ ಪತ್ರಿಕೆ

ಬೋಧನಾಭ್ಯಾಸದ ಮೂರನೆಯ ವಾರ 9ನೇ ತರಗತಿಗೆ ಸಂಖ್ಯಾಶಾಸ್ತ್ರದ ಘಟಕ ಬಂತು. ಪಠ್ಯದ ಲೆಕ್ಕಗಳನ್ನೇ ಮಾಡಿಸುವ ಬದಲು ಶಾಲೆಯ ಗೋಡೆ ಪತ್ರಿಕೆಯ ಒಂದು ಸಂಚಿಕೆ ಮಾಡಿಸುವುದೆಂದು ಪಾಠಯೋಜನೆ ಬರೆದೆ. ವಿಷಯ ಆರಿಸಿದವರು ಮಕ್ಕಳೇ: ಊರಿನ ನೀರು.

ಮನೆಗೆ ದಿನಕ್ಕೆ ಹೊರುವ ಕೊಡಗಳ ಸರಾಸರಿ ಮೇಲಿನ ಬೀದಿಯಲ್ಲಿ 12, ಕೆಳಗಿನ ಬೀದಿಯಲ್ಲಿ 14 ಬಂತು. ಒಬ್ಬ ಹುಡುಗ ಲಂಬ ಅಕ್ಷವನ್ನು 10ರಿಂದ ಶುರುಮಾಡಿದ್ದ. ಒಂದು ಕಂಬ ಇನ್ನೊಂದರ ಎರಡರಷ್ಟು ಎತ್ತರ! "ಆಗಲೇ ಕಣ್ಣಿಗೆ ಬೀಳೋದು ಮಿಸ್" ಎಂದ. ಸಂಖ್ಯೆ ಒಂದೂ ಸುಳ್ಳಲ್ಲ, ನೋಟ ಮಾತ್ರ ಸುಳ್ಳು. ಸ್ತಂಭಾಲೇಖ ಸೊನ್ನೆಯಿಂದಲೇ ಏಳಬೇಕೆಂದು ತರಗತಿಯೇ ತೀರ್ಮಾನಿಸಿತು. (ಉಷ್ಣತೆಯ ರೇಖಾನಕ್ಷೆಗೆ ಈ ಕಟ್ಟುಪಾಡಿಲ್ಲ; ಅದನ್ನೂ ಹೇಳಿದೆ.)

ಫೋಟೊ ಅಳತೆಗೆ ಭಾಗಾಕಾರವೇ ಸಾಕಾಯಿತು. 1200 ಪಿಕ್ಸೆಲ್ ಅಗಲದ ಚಿತ್ರ, ಇಂಚಿಗೆ 300ರಂತೆ ಅಚ್ಚಿನಲ್ಲಿ 4 ಇಂಚು. ಫೋನಿಗೆ ಧಾರಾಳ, ಚಾರ್ಟ್ ಶೀಟಿನಗಲಕ್ಕೆ ಹಿಗ್ಗಿಸಿದರೆ ಮಸುಕು.

ತೊಡಕಾದದ್ದು ಬೇರೆ ಕಡೆ. ಎಲ್ಲರಿಗೂ ಹಿಡಿಸಿದ ಫೋಟೊದಲ್ಲಿ ಸಹಪಾಠಿಯೊಬ್ಬಳು ಸೊಂಟದ ಮೇಲೆ ಕೊಡ ಇಟ್ಟುಕೊಂಡು ದಣಿದು ನಿಂತಿದ್ದಳು. ಮೂರನೇ ಬೆಂಚಿನಿಂದ ಅವಳೇ ಮೆಲ್ಲಗೆ, "ನನ್ನ ಮುಖ ಬೇಡ ಮಿಸ್" ಎಂದಳು. ತಂಡದ ನಾಯಕಿ ಬಿಡಲಿಲ್ಲ: "ಮುಖ ಇಲ್ದಿದ್ರೆ ಯಾರು ನಂಬ್ತಾರೆ?"

ಆ ಪ್ರಶ್ನೆಯನ್ನು ತಳ್ಳಿಹಾಕುವಂತಿರಲಿಲ್ಲ. 1993ರಲ್ಲಿ ಕೆವಿನ್ ಕಾರ್ಟರ್ ಸುಡಾನಿನಲ್ಲಿ ತೆಗೆದ, ಹಸಿದ ಮಗು ಮತ್ತು ರಣಹದ್ದಿನ ಚಿತ್ರದ ಕಥೆ ಹೇಳಿದೆ. ಚಿತ್ರ ತೋರಿಸಲಿಲ್ಲ. ಬರಗಾಲ ಜಗತ್ತಿನ ಕಣ್ಣಿಗೆ ಬಿತ್ತು, ಮರುವರ್ಷ ಪುಲಿಟ್ಜರ್ ಬಂತು. ಆದರೆ ಓದುಗರು ಕೇಳಿದ್ದು, ಮಗು ಏನಾಯಿತು ಎಂದು. ನಾಯಕಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೋಡೆಯದಾದ್ರೆ ನಾಳೆ ಕಿತ್ತುಹಾಕಬಹುದು. ವಾಟ್ಸ್‌ಆ್ಯಪ್ ಗುಂಪಿಗೆ ಹೋದ್ರೆ ವಾಪಸ್ ಬರಲ್ಲ ಅಲ್ವಾ?" ಎಂದಳು. ಆ ಫೋಟೊವನ್ನು ಅವಳೇ ಅಳಿಸಿದಳು.

ಮರುದಿನ ನಲ್ಲಿಯ ಮುಂದೆ ಸಾಲಾಗಿಟ್ಟ ಖಾಲಿ ಕೊಡಗಳ ಚಿತ್ರ ಬಂತು. ಕಾಣುವುದನ್ನೇ ಅಡಿಬರಹದಲ್ಲಿ ಮತ್ತೆ ಬರೆಯಬೇಡಿ, ಕಾಣದ್ದನ್ನು ಬರೆಯಿರಿ ಎಂದಿದ್ದೆ. ಬರೆದವಳು ಮುಖ ಬೇಡವೆಂದ ಹುಡುಗಿಯೇ: "ಬೆಳಿಗ್ಗೆ 6.10. ನೀರು ಬಂದದ್ದು 7.25ಕ್ಕೆ. ಶಾಲೆಯ ಗಂಟೆ 9.30ಕ್ಕೆ."

ಪಂಚಾಯಿತಿ ಸದಸ್ಯರೊಬ್ಬರು ಬಂದು ನೋಡಿ, 14 ಕೊಡ ಎಂಬ ಲೆಕ್ಕ ಎಲ್ಲಿಂದ ತಂದಿರಿ ಎಂದು ತುಸು ಗಡುಸಾಗಿಯೇ ಕೇಳಿದರು. ಅಕ್ಷ 10ರಿಂದ ಶುರುಮಾಡಿದ್ದ ಹುಡುಗ ಒಳಗೆ ಓಡಿ, ಮನೆಮನೆಯ ಲೆಕ್ಕದ ನೋಟ್‌ಬುಕ್ ತಂದು ಅವರ ಕೈಗಿಟ್ಟ.