ಅಮ್ಮನ ದಿಗಿಲು

ಹೋದ ವರ್ಷ ಒಂದು ಭಾನುವಾರ ಊರಿನಿಂದ ನಮ್ಮ ತಾಯಿ ಫೋನು ಮಾಡಿ, “ಯಾಕೋ ದಿಗಿಲಾಗ್ತದೆ ಕಣಪ್ಪ” ಎಂದರು. ಪಕ್ಕದಲ್ಲಿದ್ದ ನಮ್ಮ ಮಗ ನಕ್ಕುಬಿಟ್ಟ. ಚೆನ್ನೈಯಲ್ಲಿ ಬೆಳೆದ ಹುಡುಗ. ಅವನಿಗೆ ಗೊತ್ತಿರುವುದು ತಮಿಳಿನ ‘ತಿಗಿಲ್’, ಅಂದರೆ ದೆವ್ವದ ಸಿನಿಮಾದ ಭೀತಿ. ಅಜ್ಜಿ ಪಿಶಾಚಿ ಕಂಡಳೆಂದುಕೊಂಡ.

ನಾವಾದರೂ ಸರಿಯಾಗಿ ತಿಳಿದೆವೇ? ಅದಕ್ಕೆ ಮುಂಚೆ ಎಂಟು ವರ್ಷ ಹೈದರಾಬಾದಿನಲ್ಲಿದ್ದವರು ನಾವು. ತೆಲುಗರ ‘ದಿಗುಲು’ ಎಂದರೆ ಚಿಂತೆ, ಮನಸ್ಸಿನ ಕೊರಗು. ಊರು ನೆನಪಾಗಿ ಮಂಕಾಗಿ ಕೂತರೆ ನೆರೆಯಾಕೆ ‘ದಿಗುಲು ಪಡಕಂಡಿ’ ಎಂದು ಸಮಾಧಾನ ಹೇಳುತ್ತಿದ್ದರು. ಅದೇ ಕಿವಿಯಲ್ಲಿತ್ತೆಂದು ಕಾಣುತ್ತದೆ. “ಬೇಜಾರು ಮಾಡ್ಕೋಬೇಡಮ್ಮ, ಯುಗಾದಿಗೆ ಬರ್ತೀವಿ” ಎಂದುಬಿಟ್ಟೆವು. ಆಚೆಯಿಂದ “ಆಯ್ತಪ್ಪ” ಎಂಬ ಒಂದೇ ಮಾತು.

ಕನ್ನಡದ ದಿಗಿಲು ಈ ಎರಡೂ ಅಲ್ಲ. ಭಯ ಸಂಸ್ಕೃತದ ‘ಭೀ’ ಧಾತುವಿನದು. ಭೀಮ, ಭೀಷ್ಮ ಎಂಬ ಹೆಸರುಗಳೂ ಅಲ್ಲಿಂದಲೇ ಬಂದವು. ಗಾಬರಿಗೆ ಮರಾಠಿಯ ‘ಘಾಬರಣೆ’, ಹಿಂದಿಯ ‘ಘಬರಾನಾ’ ನೆಂಟರು. ಅಂಜಿಕೆಗೆ ತಮಿಳಿನಲ್ಲಿ ಬಳಗವಿದೆ: ತಿರುಕ್ಕುರಳಿನ 73ನೆಯ ಅಧಿಕಾರದ ಹೆಸರೇ ‘ಅವೈ ಅಂಜಾಮೈ’, ಸಭೆಗೆ ಅಂಜದಿರುವುದು. ದಿಗಿಲು ಮಾತ್ರ ‘ದಿಕ್ಕು’ ತೋಚದವರ ಪದವೆಂದು ನಾವು ಬಹಳ ದಿನ ನಂಬಿದ್ದೆವು. ಈಗ ಅನ್ನಿಸುವುದು, ನಿದ್ದೆಯಿಂದ ‘ದಿಗ್ಗನೆ’ ಎದ್ದೆವು ಎನ್ನುತ್ತೇವಲ್ಲ, ಆ ದಿಗ್ಗಿಗೇ ಇದು ಹತ್ತಿರ ಎಂದು. (ಬಿ.ಎಸ್ಸಿ. ಓದಿದವರ ಊಹೆ, ಪಂಡಿತರು ಮನ್ನಿಸಬೇಕು.) ನಾಯಿಗೆ ಹೆದರುತ್ತೇವೆ, ಮೇಷ್ಟರಿಗೆ ಅಂಜುತ್ತೇವೆ. ದಿಗಿಲಿಗೆ ಹಾಗೆ ಎದುರಿಗೊಬ್ಬರು ನಿಲ್ಲಬೇಕಿಲ್ಲ. ಏನೋ ಆಗಲಿದೆ ಎಂದು ಎದೆ ಸುಮ್ಮನೆ ಧಸಕ್ಕೆನ್ನುತ್ತದೆ.

ಎರಡು ದಿನ ಬಿಟ್ಟು ಪಕ್ಕದ ಮನೆಯವರು ಫೋನು ಮಾಡಿದಾಗ ವಿಷಯ ತಿಳಿಯಿತು. ಅಮ್ಮನಿಗೆ ಕಣ್ಣಿನ ಪೊರೆ ತೆಗೆಯುವ ಆಪರೇಷನ್ನು ಶುಕ್ರವಾರಕ್ಕೆ ಗೊತ್ತಾಗಿತ್ತು. ಜೊತೆಗೆ ಬನ್ನಿ ಎಂದು ಕೇಳಲು ಸಂಕೋಚ. ಹೇಳಬೇಕಾದದ್ದನ್ನೆಲ್ಲ ಆ ಒಂದು ಪದದಲ್ಲಿ ಹೇಳಿದ್ದರು. ನಮ್ಮಾಕೆ ಮಾತಿಲ್ಲದೆ ಚೀಲ ತುಂಬಿದಳು. ರಜೆಯ ಅರ್ಜಿ ಬರೆದಿಟ್ಟು, ರಾತ್ರಿಯ ರೈಲಿನಲ್ಲಿ ಬೆಂಗಳೂರಿಗೆ ಬಂದು, ಅಲ್ಲಿಂದ ಬಸ್ಸು ಹಿಡಿದೆವು.

ದಾರಿಯುದ್ದಕ್ಕೂ ಮಗ ಕೇಳುತ್ತಲೇ ಇದ್ದ: ದಿಗಿಲಿಗೂ ಹೆದರಿಕೆಗೂ ಏನು ವ್ಯತ್ಯಾಸ? ನಮಗೆ ಆಗ ವಿವರಿಸುವಷ್ಟು ಧೈರ್ಯವಿರಲಿಲ್ಲ. ನಮ್ಮ ಎದೆಯೊಳಗೂ ಅದೇ ಕೂತಿತ್ತು.

ಆಪರೇಷನ್ನಾಗಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಬಂದ ಅಜ್ಜಿಯ ಕೈ ಹಿಡಿದು ಅವನು ಕೇಳಿದ: “ಅಜ್ಜಿ, ದಿಗಿಲಾಗ್ತಿದ್ಯಾ?”

“ಬೆಳಿಗ್ಗೆ ಇತ್ತು ಕಣೋ. ಈಗ ಹಸಿವು. ಇಡ್ಲಿ ಸಿಗುತ್ತೇನೋ ನೋಡು, ಹೋಗು.”