ನಾಲ್ಕು ಬೆರಳು ಕಿಟಕಿ

ಊರಿಂದ ಬಂದ ಅಮ್ಮ ಮೊದಲ ಬೆಳಿಗ್ಗೆಯೇ ಅಂದಳು, “ತಲೆ ಭಾರ ಕಣೋ. ಈ ರೂಮಲ್ಲಿ ಗಾಳಿನೇ ಇಲ್ಲ.”

“ಏಸಿ ಇದೆಯಲ್ಲಮ್ಮಾ” ಅಂದೆ.

ಆಮೇಲೆ ಮೀಟರ್ ತಂದಿಟ್ಟೆ. ಬೆಳಗಿನ ಜಾವಕ್ಕೆ ಕಾರ್ಬನ್ ಡೈಆಕ್ಸೈಡ್ 2100 ಪಿಪಿಎಂ! ಹೊರಗಿನ ಗಾಳಿಯಲ್ಲಿರೋದು ಸುಮಾರು 420. ಸ್ಪ್ಲಿಟ್ ಏಸಿ ಹೊಸ ಗಾಳಿ ತರಲ್ಲ, ರೂಮಿನದ್ದನ್ನೇ ತಂಪು ಮಾಡಿ ತಿರುಗಿಸುತ್ತೆ ಅಂತ ಬಿಇ ಓದಿದ ನನಗೆ ಹೊಳೆದಿರಲಿಲ್ಲ. ಧೂಳು, ಸದ್ದು ಬೇಡವೆಂದು ಬಿಗಿಯಾದ ಯುಪಿವಿಸಿ ಕಿಟಕಿ ಹಾಕಿಸಿದವನೂ ನಾನೇ.

ಹಾಗಂತ ಊರಿನ ಹೆಂಚಿನ ಮನೆಯೇ ಸ್ವರ್ಗ ಅನ್ನಲಾರೆ. ಸಂದುಗೊಂದಿಯಲ್ಲೆಲ್ಲ ಗಾಳಿಯಾಡುತ್ತಿದ್ದರೂ ಸೌದೆ ಒಲೆಯ ಹೊಗೆ ಮೊದಲು ಹೋಗುತ್ತಿದ್ದದ್ದು ಅಮ್ಮನ ಎದೆಗೇ. ಆ ಕೆಮ್ಮು ಇನ್ನೂ ಬಿಟ್ಟಿಲ್ಲ.

ಈಗ ರಾತ್ರಿ ಸೊಳ್ಳೆಪರದೆ ಎಳೆದು, ಕಿಟಕಿ ನಾಲ್ಕು ಬೆರಳು ತೆರೆದಿಡ್ತೀನಿ. ಮೀಟರ್ 800 ದಾಟಲ್ಲ. ಅಮ್ಮ ಅದನ್ನು ನೋಡೋದೂ ಇಲ್ಲ. “ಒಳ್ಳೇ ನಿದ್ದೆ ಬಂತು” ಅಂತಾಳೆ, ಅಷ್ಟೇ.