ಹೊಸ ಕಂಪ್ಯೂಟರು ಕೊಳ್ಳದೆ

ಅಕ್ಕಲಕೋಟೆಯ ನಮ್ಮ ವಿದ್ಯಾರ್ಥಿ ನಿಧಿಯ ಲೆಕ್ಕವೆಲ್ಲ ಒಂದು ಹಳೆಯ ಕಂಪ್ಯೂಟರಿನಲ್ಲಿತ್ತು. 2020ರ ಜನವರಿಯಲ್ಲಿ ಅದರ ವಿಂಡೋಸ್ 7ಕ್ಕೆ ಕಂಪನಿಯ ನೆರವು ನಿಂತಿತು. ಹೊಸದು ಕೊಂಡರೆ ಮಕ್ಕಳ ಫೀಗೇ ಕತ್ತರಿ. ಉಚಿತವಾಗಿ ಸಿಗುವ ಲಿನಕ್ಸ್, ಲಿಬ್ರೆಆಫೀಸ್ ಹಾಕಿಸಿದೆವು, ಯಂತ್ರ ಚುರುಕಾಯಿತು.

ಆದರೆ ದಾನಿಗಳ ಪಟ್ಟಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ! ಕೊಟ್ಟವರ ಹೆಸರೇ ಅಳಿಸಿದರೆ ಯಾವ ಮುಖ ಹೊತ್ತು ಅವರ ಅಂಗಡಿ ಮೆಟ್ಟಿಲು ಹತ್ತುವುದು? ಹಳೆಯ ಕನ್ನಡ ಫಾಂಟುಗಳು ಇಂಗ್ಲಿಷ್ ಸಂಕೇತಗಳಿಗೇ ಕನ್ನಡದ ರೂಪ ಹೊದಿಸುತ್ತಿದ್ದವಂತೆ. ಉಚಿತ ಪರಿವರ್ತಕದಿಂದ ಯೂನಿಕೋಡಿಗೆ ತಂದೆವು. ಕೆಲವು ಒತ್ತಕ್ಷರ ಕೆಟ್ಟವು. ಪುಣ್ಯಕ್ಕೆ ಕಿರ್ದಿ ಪುಸ್ತಕಗಳನ್ನು ರದ್ದಿಗೆ ಹಾಕಿರಲಿಲ್ಲ. ನೋಡಿ ನೋಡಿ ತಿದ್ದಿದೆವು.

ಈಗ ತಿಂಗಳಿಗೊಮ್ಮೆ ಎರಡು ಪೆನ್‌ಡ್ರೈವಿಗೆ ನಕಲು ತೆಗೆಯುತ್ತೇವೆ. ಒಂದು ಕಚೇರಿಯಲ್ಲಿ, ಇನ್ನೊಂದು ಖಜಾಂಚಿಯವರ ಅಂಗಡಿಯ ತಿಜೋರಿಯಲ್ಲಿ.